ಒರೆಸಿದ ಹಣೆಗಳು

ಕಲ್ಯಾಣದ ಬಸ್ಸಿನಲ್ಲಿ ಮಹಾರುದ್ರಪ್ಪ ಹೆಂಗಸರ ಹಣೆಗಳನ್ನು ನೋಡುತ್ತ ಕೂತಿದ್ದ. ಅರವತ್ತೆರಡು ವರ್ಷದ ಮನುಷ್ಯ, ಹಣೆಗೆ ಮೂರು ಬೆರಳು ವಿಭೂತಿ, ಹುಮನಾಬಾದಿನಲ್ಲಿ ನಾಲ್ಕು ಜನ ನಮಸ್ಕಾರ ಮಾಡುವ ಫೋಟೋ ಸ್ಟುಡಿಯೋದ ಮಾಲೀಕ. ಹೀಗೆ ಕಂಡಕಂಡ ಹೆಂಗಸರ ಮುಖ ನೋಡಿದರೆ ಯಾರಾದರೂ ಏನಂದಾರು ಎಂಬ ಎಚ್ಚರ ಇಲ್ಲದೆ ಇರಲಿಲ್ಲ. ಆದರೂ ಕಣ್ಣು ಕೇಳಲೊಲ್ಲದು. ಮುಂದಿನ ಸೀಟಿನ ಹುಡುಗಿಯ ಹಣೆಯಲ್ಲಿ ಅಂಟಿಸಿದ ಬೊಟ್ಟು. ಬಾಗಿಲ ಹತ್ತಿರ ಬುಟ್ಟಿ ಹಿಡಿದು ನಿಂತ ಮುದುಕಿಯ ಹಣೆಯಲ್ಲಿ ಹಸಿರು ಚುಕ್ಕಿ, ಅದರ ಮೇಲೊಂದು ಗೆರೆ, ಗದ್ದದ ಮೇಲೆ ಮತ್ತೆರಡು ಚುಕ್ಕಿ. ಹಚ್ಚೆ! ನಲವತ್ತು ವರ್ಷ ಇಂಥ ಮುಖಗಳನ್ನು ಕ್ಯಾಮೆರಾದ ಮುಂದೆ ಕೂಡ್ರಿಸಿ, ಗದ್ದ ಎತ್ತಿ, ದೀಪ ಸರಿಮಾಡಿದವನು ಒಮ್ಮೆಯೂ ಹಚ್ಚೆಯನ್ನು ಹಚ್ಚೆಯೆಂದು ನೋಡಿರಲಿಲ್ಲವಲ್ಲ, ಒರೆಸಬೇಕಾದ ಕಲೆಯೆಂದೇ ನೋಡಿದ್ದೆನಲ್ಲ ಎಂದುಕೊಂಡ. ಮುದುಕಿ ಅವನ ನೋಟ ಕಂಡು ಸೆರಗು ಮುಂದೆ ಎಳೆದುಕೊಂಡಳು. ಮಹಾರುದ್ರಪ್ಪ ಗಡಬಡಿಸಿ ತೊಡೆಯ ಮೇಲಿನ ಚೀಲ ನೋಡತೊಡಗಿದ. ಚೀಲದಲ್ಲಿ ಕುಪ್ಪಸದ ಒಂದು ಹಸಿರು ಖಣ, ಒಂದು ತೆಂಗಿನಕಾಯಿ, ಕಾಗದದಲ್ಲಿ ಮಡಚಿದ ಅರಿಷಿಣ ಕುಂಕುಮ. ನಿರ್ಣಾ ಊರಿನ ಗಂಗುಬಾಯಿ ಅವನ ಸೊಸೆ ಮನೀಷಾಳಿಗೆಂದು ಕೊಟ್ಟು ಕಳಿಸಿದ್ದು. ಅಷ್ಟೇ ಸಾಮಾನು. ಆದರೆ ಚೀಲ ಎಷ್ಟು ಭಾರವಾಗಿತ್ತೆಂದರೆ, ಕಂಡಕ್ಟರ್ ಮೇಲೆ ಇಡ್ರಿ ಎಂದರೂ ಇಡಲು ಅವನಿಗೆ ಧೈರ್ಯವಾಗಲಿಲ್ಲ.

ಗಂಗುಬಾಯಿ ತಿಂಗಳ ಹಿಂದೆ ಮಗ ಪಂಡರಿಯನ್ನು ಸಂಗಡ ಕರೆದುಕೊಂಡು ಮಾಣಿಕನಗರದ ರಸ್ತೆಯಲ್ಲಿರುವ ಅವನ ಸ್ಟುಡಿಯೋಕ್ಕೆ ಬಂದಿದ್ದಳು. ಕುರಿ ಕಾಯುವ ಮನೆತನ. ಬಿಸಿಲಿನಲ್ಲಿ ಕಾಯ್ದು ಕಾಯ್ದು ಕಬ್ಬಿಣದಂತಾದ ಮೈ. ಬಂದವಳೇ ಸ್ಟೂಲಿನ ಮೇಲೆ ಕೂತು, "ನಾ ಸತ್ತ ಮ್ಯಾಲೆ ಗ್ವಾಡಿಗಿ ಹಾಕೂ ಫೋಟೋ ತಗೀರಿ" ಎಂದಳು. ಪಂಡರಿ ನಾಚಿ ನೆಲ ನೋಡಿದ. "ಹಿಂಗ ಅಂತಾಳ್ರಿ, ಏನ್ ಮಾಡ್ಲಿ?" "ಮತ್ತೇನು? ನಿಮ್ಮಪ್ಪ ಸತ್ತಾಗ ಆಧಾರ ಕಾರ್ಡಿಂದು ದೊಡ್ಡದು ಮಾಡಿಸಿ ಹಾಕಿದಿ. ಪೊಲೀಸರು ಹಿಡದು ತಂದ ಕಳ್ಳನ್ಹಂಗ ಕಾಣ್ತಾನ ಪಾಪ. ನನ್ನ ಫೋಟೋ ನಾ ಇದ್ದಾಗs ನೋಡಿ, ಛಲೋ ಅದ ಅಂದ ಮ್ಯಾಲೆ ಸಾಯ್ತೀನಿ." ಇಂಥ ಗಿರಾಕಿ ಅವನಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಸತ್ತವರ ಫೋಟೋ ನೋಡಿ ಸತ್ತವರು ತಕರಾರು ಮಾಡುವುದುಂಟೇ? ಆ ಧೈರ್ಯದ ಮೇಲೆಯೇ ತನ್ನ ಧಂದೆ ನಡೆದಿತ್ತೇನೋ ಎಂದು ಈಗ ಬಸ್ಸು ರಾಜೇಶ್ವರದಲ್ಲಿ ನಿಂತು ಮತ್ತಷ್ಟು ಜನರನ್ನು ತುಂಬಿಕೊಳ್ಳುವಾಗ ಅನಿಸಿತು. ಒಬ್ಬಳು ಬಾಣಂತಿ ಹತ್ತಿದಳು. ಅವನು ಎದ್ದು ಸೀಟು ಕೊಟ್ಟ. ನಿಂತರೇ ಸ್ವಲ್ಪ ಹಗುರಾಗುತ್ತಿತ್ತು.

ಮನೀಷಾ ಪಾಠ ಹೇಳಿದ್ದು ನಿಂತೇ. ಕಲ್ಯಾಣದ ಹುಡುಗಿ, ಮದುವೆಗೆ ಮೊದಲು ಅಲ್ಲಿಯ ದೇವಿದಾಸನ ಬ್ಯಾನರ್ ಅಂಗಡಿಯಲ್ಲಿ ಮೂರು ವರ್ಷ ಕಂಪ್ಯೂಟರ್ ಮೇಲೆ ಕೆಲಸ ಮಾಡಿದವಳು. ಮಗ ಶಿವರಾಜ ಮದುವೆ ಮನೆಗಳ ಶೂಟಿಂಗಿಗೆ ಊರೂರು ತಿರುಗುವವನು, ಅಪ್ಪನಿಗೆ ಕಲಿಸಲು ಅವನಿಗೆ ಪುರಸೊತ್ತೂ ಇಲ್ಲ, ತಾಳ್ಮೆಯೂ ಇಲ್ಲ. ಹೀಗಾಗಿ ಫೋಟೋಶಾಪ್ ಕಲಿಸುವ ಕೆಲಸ ಸೊಸೆಯ ಪಾಲಿಗೆ ಬಂತು. ಆದರೆ ಅವರ ಮನೆಯಲ್ಲಿ ಸೊಸೆ ಮಾವನ ಮುಂದೆ ಕೂಡುವಂತಿಲ್ಲ, ನೇರ ಮಾತಾಡುವಂತಿಲ್ಲ. ಅವನು ಕುರ್ಚಿಯಲ್ಲಿ, ಅವಳು ತಲೆಯ ಮೇಲೆ ಸೆರಗು ಹೊದ್ದು ಮಾರು ದೂರದಲ್ಲಿ. ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ಹೇಳುವಳು: "ಮೊದಲ ಫೋಟೋದ ಕಾಪಿ ತಗೀಬೇಕಂತ್ರಿ. ಅದರ ಮ್ಯಾಲೆ ಗಾಜಿನ ಹಾಳಿಹಂಗ ಖಾಲಿ ಲೇಯರ್ ಹಾಕಬೇಕಂತ್ರಿ. ಒರಸೂದು, ಬರಿಯೂದು ಎಲ್ಲಾ ಆ ಖಾಲಿ ಲೇಯರ್ ಮ್ಯಾಲೆ ಅಂತ್ರಿ. ತೆಳಗಿನ ಅಸಲಿ ಫೋಟೋ ಮುಟ್ಟಬಾರ್ದಂತ್ರಿ." ಹೇಳಿದ್ದು ಯಾರು, ಕ್ಯಾಲೆಂಡರೋ? ಅವನಿಗೆ ಒಳಗೊಳಗೇ ನಗು. ಅದರ ಹಿಂದೆಯೇ ಒಂದು ತುರಿಕೆಯಂಥ ಸಿಟ್ಟು. ನಲವತ್ತು ವರ್ಷ ಮೊನಚು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆಯೇ ಕೆಲಸ ಮಾಡಿದ ಕೈ ಇದು. ಮೊಡವೆ, ಸಿಡುಬಿನ ಕಲೆ, ಹಣೆಯ ಕಲೆ ಎಲ್ಲ ಮಾಯ ಮಾಡಿ, ಬೀದರಿನಿಂದ ಕಲಬುರಗಿವರೆಗೆ ಹೆಸರು ಪಡೆದ ಕೈ. ಕೆಳಗೊಂದು ನಕಲು ಇಟ್ಟುಕೊಂಡು ಕೆಲಸ ಮಾಡುವುದೆಂದರೆ ಕೈಯ ಮೇಲೆ ನಂಬಿಕೆ ಇಲ್ಲದವರ ಕಸುಬು. ಅವಳು ರೊಟ್ಟಿ ಬಡಿಯಲು ಒಳಗೆ ಹೋದ ಮೇಲೆ ಅವನು ಗಂಗುಬಾಯಿಯ ಫೋಟೋ ತೆರೆದು, ಕಾಪಿ ಇಲ್ಲ ಲೇಯರ್ ಇಲ್ಲ, ಅಸಲಿಯ ಮೇಲೆಯೇ ಒರೆಸಲು ಕೂತ. ಹಣೆ ಸ್ವಚ್ಛವಾಯಿತು. ಗದ್ದ ಸ್ವಚ್ಛವಾಯಿತು. ಬೆಣ್ಣೆಯಂಥ ಮುಖ ಬಂತು. ಎಂಥ ಖುಷಿ ಅವತ್ತು! ಉಳಿಸುವ ಗುಂಡಿ ಒತ್ತಿ, ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿ ಶಿವರಾಜನ ಕೈಗೆ ಕೊಟ್ಟ. ಕೆಳಗೆ ಏನೂ ಉಳಿಯಲಿಲ್ಲ.

ಗಂಗುಬಾಯಿ ಚೌಕಟ್ಟು ಹಾಕಿದ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು. "ಈಕಿ ಯಾರ್ರೀ?" ಎಂದಳು. ಪಂಡರಿ "ನೀನs ಯವ್ವಾ" ಎಂದ. "ನಾನಲ್ಲ. ನನ್ನ ಹಚ್ಚಿ ಎಲ್ಲಿ? ನಮ್ಮವ್ವ ತೊಡಿ ಮ್ಯಾಲೆ ಒತ್ತಿ ಹಿಡದು ಹಾಕಿಸಿದ್ಲು, ಏಳು ವರ್ಷದಾಕಿ ಇದ್ದೆ, ಜ್ವರಾ ಬಂದು ಮಲಗಿದ್ದೆ. ಸತ್ತಾಗ ಸಂಗಡ ಬರೂದು ಹಚ್ಚಿ ಒಂದs ಅಂದಿದ್ಲು. ಗಂಡ ಹೋದ, ಕುಂಕುಮ ಹೋತು. ಹಣ್ಯಾಗ ಉಳದದ್ದು ಇದೊಂದು. ಇದನ್ನೂ ಒರಸಿದ್ರೇನು?" ಅಂಗಡಿಯಲ್ಲಿ ಆಗ ಮತ್ತಿಬ್ಬರು ಗಿರಾಕಿಗಳಿದ್ದರು. ಮನೀಷಾ ಪ್ರಿಂಟರಿನ ಹತ್ತಿರ ಕಾಗದ ಜೋಡಿಸುತ್ತಿದ್ದಳು. ಮಹಾರುದ್ರಪ್ಪನ ಬಾಯಿಂದ ಮಾತು ತಾನಾಗಿ ಜಾರಿತು. ಅವನು ಆಡಿದನೆನ್ನುವುದಕ್ಕಿಂತ ಅವನ ನಲವತ್ತು ವರ್ಷದ ಹೆಸರು ಆಡಿತು. "ನಮ್ಮ ಸೊಸಿ ಹೊಸದಾಗಿ ಕಲಿಯಾಕತ್ತಾಳ್ರಿ. ಆಕಿ ಕೈಲೆ ತಪ್ಪಾಗ್ಯದ." ಗಂಗುಬಾಯಿ ಪ್ರಿಂಟರಿನ ಕಡೆ ತಿರುಗಿದಳು. "ಯವ್ವಾ, ನಿನ್ನ ಹಣ್ಯಾಗ ಇಷ್ಟು ಕುಂಕುಮ ಅದಲ್ಲ, ಅದನ್ನ ಯಾರರೆ ಬಂದು ಹಿಂಗs ಒರಸಿದ್ರ ಹ್ಯಾಂಗಾಗ್ತದ ನಿನಗ?"

ಮದುವೆಯಾಗಿ ಹದಿನಾಲ್ಕು ತಿಂಗಳಾದ ಹೆಣ್ಣುಮಗಳಿಗೆ ಆಡುವ ಮಾತೇ ಅದು! ಮನೀಷಾಳ ಕೈ ತಾನಾಗಿ ಹಣೆಗೆ ಹೋಯಿತು, ಕುಂಕುಮ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡಿತು. ಸುಳ್ಳು ನೆನಪಿಸಿಕೊಂಡರೆ ಮಹಾರುದ್ರಪ್ಪನಿಗೆ ನಾಚಿಕೆಯಾಗುತ್ತಿತ್ತು, ಆ ಕೈ ನೆನಪಿಸಿಕೊಂಡರೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಅವಳು ಎರಡು ದಿನಕ್ಕೆಂದು ತವರಿಗೆ ಹೋದಳು. ಇವತ್ತಿಗೆ ಹನ್ನೊಂದು ದಿನ. ಹಳೆಯ ಅಂಗಡಿಯಲ್ಲಿ ಮತ್ತೆ ಕೆಲಸಕ್ಕೆ ಕೂಡುತ್ತಿದ್ದಾಳೆಂದು ಸುದ್ದಿ ಬಂತು. ಶಿವರಾಜ, "ಬರ್ತಾಳ ಬಿಡ್ರಿ ಅಪ್ಪಾ, ತಲಿ ಕೆಡಿಸ್ಕೋಬ್ಯಾಡ್ರಿ" ಎಂದ. ಗಂಡನಿಗೂ ಹೇಳದೆ ನುಂಗಿಕೊಂಡಿದ್ದಾಳೆ ಎಂದು ಆಗ ತಿಳಿಯಿತು. ಹೇಳಿದ್ದರೆ ಎಷ್ಟೋ ಸುಲಭವಿತ್ತು. ಮಗನ ಕೂಡ ಜಗಳಾಡಿ, ಗದ್ದಲ ಮಾಡಿ, ಮುಗಿಸಬಹುದಿತ್ತು.

ನಿನ್ನೆ ತಡೆಯಲಾರದೆ ಕ್ಯಾಮೆರಾ ತೆಗೆದುಕೊಂಡು ನಿರ್ಣಾಕ್ಕೆ ತಾನೇ ಹೋದ. ಹೇಳಿಬಿಡಬೇಕೆಂದೇ ಹೋದದ್ದು. ಗಂಗುಬಾಯಿಯನ್ನು ಕುರಿಹಟ್ಟಿಯ ಮುಂದೆ ಕೂಡ್ರಿಸಿ ಹಚ್ಚೆ ಸಮೇತ ಹೊಸ ಫೋಟೋ ತೆಗೆದ. ಮಾತು ನಾಲಿಗೆಯ ತುದಿಗೆ ಬಂದಾಗ ಅವಳೇ ಅಂದಳು: "ಆ ಹುಡುಗಿಗಿ ಕುಂಕುಮದ ಮಾತು ಆಡಬಾರದಿತ್ತು ನೋಡ್ರಿ. ಕೂಸಿನಂಥಾಕಿ, ಗೊತ್ತಾಗದ ಮಾಡ್ಯಾಳ. ಆವತ್ತಿಂದ ನಿದ್ದಿ ಹತ್ತಿಲ್ಲ ನನಗ." ಅಷ್ಟಕ್ಕೆ ನಿಲ್ಲಲಿಲ್ಲ. ತಾನು ಗಂಡನಿಲ್ಲದವಳು, ತನ್ನ ಕೈಯಿಂದ ಕೊಡಬಾರದೆಂದು ಪಂಡರಿಯ ಹೆಂಡತಿ ಕಾಜಲಳನ್ನು ಕರೆದು, ಅವಳ ಕೈಯಿಂದ ಖಣ, ಕಾಯಿ, ಕುಂಕುಮ ಕಟ್ಟಿಸಿದಳು. "ಮಾಫಿ ಮಾಡೀನಿ ಅಂತ ಹೇಳ್ರಿ ಆಕಿಗಿ." ಮಹಾರುದ್ರಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡ. ತಪ್ಪು ಮಾಡದವಳಿಗೆ ಮಾಫಿ, ಅದನ್ನು ಒಯ್ದು ಮುಟ್ಟಿಸುವವನು ತಪ್ಪು ಮಾಡಿದವನು! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದ ಮಾತಿನ ಗತಿ ಏನೆಂದು ಯಾರೂ ಹೇಳಿಲ್ಲ. ಬಸ್ಸು ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಕಲ್ಯಾಣದ ಕಡೆ ಹೊರಳಿತು. ಹೊರಳುವಾಗ ತೆಂಗಿನಕಾಯಿ ಚೀಲದೊಳಗೆ ಉರುಳಿ ಅವನ ಮೊಣಕಾಲಿಗೆ ಬಡಿಯಿತು.

ದೇವಿದಾಸನ ಅಂಗಡಿಯ ಗಾಜಿನ ಬಾಗಿಲಿನ ಹೊರಗೆ ನಿಂತು ಮಹಾರುದ್ರಪ್ಪ ಮೊದಲ ಸಲ ತನ್ನ ಸೊಸೆಯನ್ನು ನೋಡಿದ. ಹದಿನಾಲ್ಕು ತಿಂಗಳಿಂದ ಮನೆಯಲ್ಲಿ ಓಡಾಡುತ್ತಿದ್ದದ್ದು ಒಂದು ಸೆರಗು, ಒಂದು ಜೊತೆ ಬಳೆ, ಬಾಗಿಲ ಸಂದಿಯಿಂದ ಮುಂದೆ ಸರಿಯುವ ಚಹಾದ ಕಪ್ಪು. ಇಲ್ಲಿ ಗಾಲಿಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ತಲೆಯ ಮೇಲೆ ಏನೂ ಇಲ್ಲದೆ, ಜಡೆ ಹಿಂದಕ್ಕೆಸೆದು, ತನ್ನ ಸಾಹೇಬರ ಬ್ಯಾನರಿಗೆ ಕಾದು ನಿಂತ ಗಿರಾಕಿಗೆ "ಕಾಕಾ, ಅವಸರ ಮಾಡಬ್ಯಾಡ್ರಿ, ನಿಮ್ಮ ಸಾಹೇಬರ ಮೀಸಿ ಎಲ್ಲೂ ಓಡಿಹೋಗೂದಿಲ್ಲ" ಎಂದು ನಗುವ ಹುಡುಗಿ. ಇಷ್ಟು ದೊಡ್ಡ ದನಿ ಇದೆಯೇ ಇವಳಿಗೆ? ಅವನು ಒಳಗೆ ಕಾಲಿಟ್ಟ. ಅವಳು ತಟ್ಟನೆ ಎದ್ದಳು, ಸೆರಗು ತಲೆಗೆ ಬಂತು, ದನಿ ಸತ್ತಿತು. ತಾನು ಬಂದದ್ದರಿಂದ ಒಂದು ಮುಖ ಅಳಿಸಿಹೋದದ್ದನ್ನು ಮಹಾರುದ್ರಪ್ಪ ಕಣ್ಣಾರೆ ಕಂಡ. "ಕೂಡು ಯವ್ವಾ," ಎಂದ. ಅವಳು ಕೂಡಲಿಲ್ಲ. ಅವನೂ ಕೂಡಲಿಲ್ಲ. ಕುರ್ಚಿ ಇಬ್ಬರ ನಡುವೆ ಖಾಲಿ ನಿಂತಿತು. ಯಂತ್ರದ ಹತ್ತಿರ ಬ್ಯಾನರ್ ಸುತ್ತುತ್ತಿದ್ದ ದೇವಿದಾಸ ಇಬ್ಬರನ್ನೂ ನೋಡಿ, "ಇಬ್ಬರಿಗೂ ಬ್ಯಾಡಾದ್ರ ನಾನರೆ ಕೂಡ್ತೀನಿ, ಮುಂಜಾನಿಂದ ನಿಂತು ಕಾಲ್ ಹೋಗ್ಯಾವ" ಎಂದ. ಯಾರೂ ನಗಲಿಲ್ಲ.

ಅವನು ಚೀಲದಿಂದ ಖಣ, ಕಾಯಿ, ಕುಂಕುಮ ತೆಗೆದ. "ನಿರ್ಣಾದ ಗಂಗುಬಾಯಿ ತನ್ನ ಸೊಸಿ ಕೈಲೆ ಕಟ್ಟಿಸಿ ಕಳಿಸ್ಯಾಳ" ಎಂದ. ಮುಂದಿನದು ಹೇಳುವ ಮನಸ್ಸಿರಲಿಲ್ಲ, ಆದರೂ ಹೇಳಿಕಳಿಸಿದ್ದನ್ನು ಮುಟ್ಟಿಸಬೇಕಲ್ಲ. "ಮಾಫಿ ಮಾಡೀನಿ ಅಂದ್ಲು." ಮನೀಷಾ ಖಣವನ್ನು ಕಣ್ಣಿಗೆ ಒತ್ತಿಕೊಂಡಳು, ಮುತ್ತೈದೆಯ ಕೈಯಿಂದ ಬಂದ ಕುಂಕುಮ ಬೇಡ ಎನ್ನುವುದುಂಟೇ? ಆಮೇಲೆ ಕಂಪ್ಯೂಟರಿನ ಕಡೆ ಮುಖ ಮಾಡಿ, ಮೆಲ್ಲಗೆ, ಆದರೆ ಒಂದೊಂದೇ ಅಕ್ಷರ ಕೇಳುವ ಹಾಗೆ ಅಂದಳು: "ಮಾಡಲಾರದ ತಪ್ಪಿಗೆ ಮಾಫಿ ಬಂತಂತ ಹೇಳ್ರಿ."

ಯಾರಿಗೆ ಹೇಳುವುದು? ಕ್ಯಾಲೆಂಡರಿಗೆ? ಮಹಾರುದ್ರಪ್ಪ ಮೊಬೈಲು ತೆಗೆದು ಪಂಡರಿಯ ನಂಬರು ಒತ್ತಿದ. ಯಂತ್ರದ ಸದ್ದಿನಲ್ಲಿ ಏನೂ ಕೇಳದೆ ಸ್ಪೀಕರ್ ಹಾಕಿದ. ಹಾಕಿದ ಮೇಲೆ ಇಡೀ ಅಂಗಡಿ ಕೇಳುತ್ತದೆಂದು ಹೊಳೆಯಿತು. ಬೆರಳು ಮತ್ತೆ ಗುಂಡಿಯ ಮೇಲೆ ಹೋಗಿ ಅಲ್ಲೇ ನಿಂತಿತು. ಆವತ್ತು ಅಂಗಡಿ ತುಂಬ ಕೇಳುವ ಹಾಗೆಯೇ ಅಲ್ಲವೇ ಅಂದದ್ದು? ಕೇಳಲಿ. ಮೀಸೆಯ ಗಿರಾಕಿಯೂ ಕೇಳಲಿ. "ಪಂಡರಿ, ನಿಮ್ಮ ಅವ್ವಗ ಫೋನ್ ಕೊಡು" ಎಂದ. ಕುರಿಗಳ ಅರಚಾಟದ ನಡುವೆ ಗಂಗುಬಾಯಿಯ ದನಿ ಬಂತು.

"ಗಂಗುಬಾಯಿ, ನಾ ಸ್ಟುಡಿಯೋದ ಮಹಾರುದ್ರಪ್ಪ. ನಿಮ್ಮ ಹಚ್ಚಿ ಒರಸಿದಾಂವ ನಾನು. ನಮ್ಮ ಸೊಸಿ ಅಲ್ಲ. ಆಕಿ ಕಾಪಿ ತಗೀರಿ, ಅಸಲಿ ಮುಟ್ಟಬ್ಯಾಡ್ರಿ ಅಂತ ಹತ್ತು ಸಲ ಹೇಳಿದ್ಲು. ನಾ ಕೇಳಲಿಲ್ಲ. ಕಲಿಸಾಕಿ ಆಕಿ, ಕಲಿಯಾಂವ ನಾನು. ನಿಮ್ಮ ಮುಂದ ಮಾನ ಹೋಗ್ತದಂತ ಆಕಿ ಮ್ಯಾಲೆ ಹಾಕಿದೆ."

ಗಂಗುಬಾಯಿ ಕೇಳಿದಳು, "ವಯಸ್ಸೆಷ್ಟ್ರಿ ನಿಮಗ?"

"ಅರವತ್ತೆರಡು."

"ಅರವತ್ತೆರಡಕ್ಕ ಸೊಸಿ ಸೆರಗಿನ್ಯಾಗ ಅಡಗಿ ಕುಂತ್ರೇನು! ಥೂ ನಿಮ್ಮ!"

"ಹೌದ್ರಿ," ಎಂದ ಮಹಾರುದ್ರಪ್ಪ. ಮೀಸೆಯ ಗಿರಾಕಿ ಬಾಗಿಲ ಕಡೆ ನೋಡುತ್ತ ನಿಂತ. ದೇವಿದಾಸ ಯಾಕೋ ಯಂತ್ರ ಬಂದ್ ಮಾಡಿಬಿಟ್ಟ.

"ಆ ಹುಡುಗಿ ಅಲ್ಲೇ ಅದಾಳೇನು? ಯವ್ವಾ, ಕೇಳು. ಖಣ ವಾಪಸ್ ಕೊಡಬ್ಯಾಡ. ಅದು ಮಾಫಿದಲ್ಲ ಇನ್ನ. ನಾ ಆಡಿದ ಮಾತಿಗಿ ನೀನs ನನಗ ಮಾಫಿ ಮಾಡಬೇಕು. ನಿನ್ನ ಕುಂಕುಮ ನೂರು ವರ್ಷ ಇರಲಿ."

"ಹಂಗ್ಯಾಕಂತೀರಿ ಆಯೀ," ಎಂದಳು ಮನೀಷಾ. ದನಿ ಒಡೆಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು, ಒರೆಸುವಾಗ ಸೆರಗು ತಲೆಯಿಂದ ಜಾರಿತು, ಅವಳು ಅದನ್ನು ಮತ್ತೆ ಎಳೆದುಕೊಳ್ಳಲಿಲ್ಲ.

ಗಂಗುಬಾಯಿ ಇಷ್ಟಕ್ಕೆ ಬಿಡುವವಳಲ್ಲ. "ಅಲ್ರಿ ಮಹಾರುದ್ರಪ್ಪ, ನಮ್ಮತ್ತಿ, ಪಂಡರಿ ಆಯಿ, ಬಾಳಮ್ಮನ ಫೋಟೋನೂ ನಿಮ್ಮಲ್ಲೇ ತಗಸಿದ್ದು. ಆಕಿ ಹಣೀನೂ ಬೋಳು ಅದ. ಇಪ್ಪತ್ತೆಂಟು ವರ್ಷ ಆತು, ಗ್ವಾಡಿ ಮ್ಯಾಲೆ ನೋಡಿದಾಗೊಮ್ಮೆ ಯಾರೋ ಬ್ಯಾರೆ ಹೆಂಗಸು ಅನಸ್ತದ. ಅದನ್ನೂ ನೀವs ಒರಸಿದ್ರೇನು?"

"ನಾನs." ಅಷ್ಟು ಹೇಳುವಾಗ ಅವನ ಕಣ್ಣ ಮುಂದೆ ಊರೂರ ಗೋಡೆಗಳು ಬಂದು ನಿಂತವು. ಹಾರ ಹಾಕಿದ, ಊದುಬತ್ತಿಯ ಹೊಗೆ ಹತ್ತಿದ, ಬೋಳು ಹಣೆಯ ಮುದುಕಿಯರು. ಸಾಲಿನಲ್ಲಿ ತನ್ನ ತಾಯಿ ಸಂಗಮ್ಮನೂ ಇದ್ದಳು. ಅವಳ ಹಣೆಯಲ್ಲಿ ಏನಿತ್ತು, ಚುಕ್ಕಿಯೋ ಗೆರೆಯೋ, ಎಷ್ಟು ತಡಕಿದರೂ ನೆನಪಾಗಲಿಲ್ಲ. ಹೆತ್ತ ತಾಯಿಯ ಹಣೆ! ಬೇರೆಯವರ ಹಣೆ ಇನ್ನು ಯಾರ ನೆನಪಿನಲ್ಲಿದೆಯೋ. ಅವನು ಅಂಗಡಿಯ ಮೇಜು ಹಿಡಿದುಕೊಂಡು, ನೋಡದೆ, ಖಾಲಿ ಕುರ್ಚಿಯಲ್ಲಿ ಕುಸಿದು ಕೂತ. "ನೆಗೆಟಿವ್ ಮ್ಯಾಲೇ ಒರಸಿದ್ದು ಗಂಗುಬಾಯಿ. ತೆಳಗ ಏನೂ ಉಳದಿಲ್ಲ."

"ಉಳದಿಲ್ಲ ಅಂದ್ರ? ನನ್ನ ತಲ್ಯಾಗ ಉಳದದ. ಮೂವತ್ತು ವರ್ಷ ಆಕಿ ಮಾರಿ ನೋಡೀನಿ, ಬೈಸ್ಕೊಂಡೀನಿ. ನಾ ಹೇಳ್ತೀನಿ, ನೀವು ಬರೀರಿ."

ಮಹಾರುದ್ರಪ್ಪ ಸೊಸೆಯ ಕಡೆ ನೋಡಿದ. ಅವಳೂ ಅವನ ಕಡೆ ನೋಡುತ್ತಿದ್ದಳು, ನೇರ. "ಆಗ್ತದ್ರಿ ಮಾವಾರೀ," ಎಂದಳು. "ಖಾಲಿ ಲೇಯರ್ ಮ್ಯಾಲೆ ಬರದ್ರ ಆಗ್ತದ. ತಪ್ಪಿದ್ರ ತಗದು ಮತ್ತ ಹಾಕಬಹುದು. ಪಂಡರಿ ಅಣ್ಣಾ, ಗ್ವಾಡಿ ಮ್ಯಾಲಿನ ಫೋಟೋಕ್ಕ ಒಂದು ಫೋಟೋ ಹೊಡದು ವಾಟ್ಸ್ಯಾಪ್ ಮಾಡ್ರಿ. ಬೆಳಕಿಗಿ ತಂದು ಹೊಡೀರಿ, ಗಾಜು ಮಿಂಚಬಾರ್ದು."

ಬಾಳಮ್ಮ ಪರದೆಯ ಮೇಲೆ ಬಂದಳು. ಹಳದಿಗಟ್ಟಿದ, ನುಣ್ಣನೆಯ, ಯಾರದೂ ಅಲ್ಲದ ಹಣೆ. ಮಹಾರುದ್ರಪ್ಪ ತಾನೇ ಕಾಪಿ ತೆಗೆದ, ತಾನೇ ಖಾಲಿ ಲೇಯರ್ ಹಾಕಿದ, ಹಸಿರು ಬಣ್ಣ ಹಚ್ಚಿ ಒಂದು ಗೆರೆ ಎಳೆದ. ಏನೂ ಕಾಣಲಿಲ್ಲ. ಮತ್ತೆ ಎಳೆದ. ಇಲ್ಲ. ಅವನ ಕಿವಿ ಬಿಸಿಯಾದವು. ಮೀಸೆಯ ಗಿರಾಕಿ ಇನ್ನೂ ಅಲ್ಲೇ ಇದ್ದ. "ಖಾಲಿ ಲೇಯರ್ ಫೋಟೋದ ತೆಳಗ ಹೋಗ್ಯದ್ರಿ," ಎಂದಳು ಮನೀಷಾ. "ಜಗ್ಗಿ ಮ್ಯಾಲೆ ತಗೋರಿ." ಅವನು ಜಗ್ಗಿದ. ಆಗಲೇ ಎಳೆದಿದ್ದ ಎರಡೂ ಗೆರೆ ಒಮ್ಮೆಲೇ ಎದ್ದು ಬಂದವು, ಸೊಟ್ಟ, ಹಣೆಯಿಂದ ಮೂಗಿಗೆ. ಮನೀಷಾ ಫಕ್ಕನೆ ನಕ್ಕುಬಿಟ್ಟಳು. ಮಾವನೆದುರು ಹಾಗೆ ನಕ್ಕದ್ದಕ್ಕೆ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಅವನೂ ನಗುತ್ತಿದ್ದ. "ಒರಸಲೇನು?" ಎಂದು ಕೇಳಿದ. "ಇದನ್ನ ಒರಸ್ರಿ. ಇದು ನಿಮ್ಮದs," ಎಂದಳು.

"ಎರಡು ಹುಬ್ಬಿನ ನಡುವ ಚುಕ್ಕಿ," ಗಂಗುಬಾಯಿ ಫೋನಿನಲ್ಲಿ ಹೇಳುತ್ತಿದ್ದಳು, "ಜ್ವಾಳದ ಕಾಳಿನಷ್ಟು. ಅದರ ಮ್ಯಾಲೆ ಅರ್ಧಚಂದ್ರ, ಬಲಕ್ಕ ಒಂಚೂರು ವಾಲಿತ್ತು. ಹಚ್ಚಿ ಹಾಕಿದ ಕೊರವಿಗಿ ಕಣ್ಣು ಮಂಜಾಗಿತ್ತಂತ. ಗದ್ದದ ಮ್ಯಾಲೆ ಮೂರು. ನಡುವಿಂದು ಮಾಸಿತ್ತು." ಅವನ ಕೈ ಸ್ಥಿರವಾಗತೊಡಗಿತು. ಮೌಸು ಪೆನ್ಸಿಲ್ ಅಲ್ಲ, ಆದರೂ ಚರ್ಮದ ಮೇಲೆ ಹಚ್ಚೆ ಎಲ್ಲಿ ಗಾಢ, ಎಲ್ಲಿ ತೆಳುವೆಂದು ಈ ಕೈಗೆ ಗೊತ್ತಿತ್ತು. ಅಷ್ಟು ಗೊತ್ತಿಲ್ಲದೆ ಒರೆಸಲಾದರೂ ಹೇಗೆ ಬರುತ್ತಿತ್ತು? ಮನೀಷಾ ಯಾವಾಗಲೋ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದಳು. "ಬಣ್ಣ ಸ್ವಲ್ಪ ತೆಳು ಮಾಡ್ರಿ, ಇಲ್ಲಾಂದ್ರ ನಿನ್ನೆ ಹಾಕಿಸಿದ್ಹಂಗ ಕಾಣ್ತದ" ಎಂದಳು. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ, "ಹುಮನಾಬಾದದಾಗ ನನಗೂ ಒಂದು ಕುರ್ಚಿ ಬೇಕ್ರಿ" ಎಂದಳು.

"ಸಂಜಿಗಿ ಹೋಗೂಮುಂದ ಇಲ್ಲೇ ಕೊಳ್ಳೂಣು. ನಿನಗ ಬೇಕಾದ್ದು ನೀನs ಆರಿಸು," ಎಂದ.

ಗದ್ದದ ನಡುವಿನ ಚುಕ್ಕಿಯನ್ನು ಮಾಸಿಸಿ, ಒಮ್ಮೆ ಹಿಂದೆ ಸರಿದು ನೋಡಿ, ಮನೀಷಾ ಫೋಟೋವನ್ನು ನಿರ್ಣಾಕ್ಕೆ ಕಳಿಸಿದಳು. ಆ ಕಡೆಯಿಂದ ಕುರಿಗಳ ಸದ್ದು ಮಾತ್ರ ಬರುತ್ತಿತ್ತು. ಮಹಾರುದ್ರಪ್ಪ ಪರದೆಯ ಮೇಲಿನ ಹಣೆ ಮತ್ತೆ ನೋಡಿದ. ಚಂದ್ರ ಬಲಕ್ಕೆ ಹೆಚ್ಚು ವಾಲಿತೇನೋ. ಚುಕ್ಕಿ ದೊಡ್ಡದಾಯಿತೇನೋ. ಗಂಗುಬಾಯಿ ಅವನ ಕೂಡ ಮಾತಾಡಲಿಲ್ಲ. ಫೋನಿನಿಂದ ಮುಖ ತಿರುಗಿಸಿ ಹಟ್ಟಿಯ ಕಡೆ ಕೂಗಿದ್ದು ಕಲ್ಯಾಣದ ಅಂಗಡಿಯಲ್ಲಿ ಎಲ್ಲರಿಗೂ ಕೇಳಿತು:

"ಪಂಡರೀ, ಕುರಿ ಬಿಟ್ಟು ಇತ್ತ ಬಾರೋ. ನಿಮ್ಮಾಯಿ ಬಂದಾಳ, ನೋಡು ಬಾ."